ದಾರಿಖರ್ಚು ಬೇರೆ, ದೇಣಿಗೆ ಬೇರೆ

1978ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನಿಂದ ಸೆನೆಗಲ್ ದೇಶದ ಡಕಾರ್‌ಗೆ ಹೊರಟ ರ‍್ಯಾಲಿ ಮುಂದೆ ಮೋಟಾರು ಜಗತ್ತಿನ ಅತಿ ಕಠಿಣ ಸ್ಪರ್ಧೆಗಳಲ್ಲಿ ಒಂದಾಗಿ ಬೆಳೆಯಿತು. ಕಂಪನಿಗಳ ತಂಡಗಳು ಬಂದವು, ಹೆಲಿಕಾಪ್ಟರುಗಳು ಬಂದವು, ಕೋಟಿಗಟ್ಟಲೆ ಹಣ ಹರಿಯಿತು. 2015ರಲ್ಲಿ ಬೆಂಗಳೂರಿನ ಸಿ.ಎಸ್. ಸಂತೋಷ್ ಅದರಲ್ಲಿ ಪಾಲ್ಗೊಂಡ ಮೊದಲ ಭಾರತೀಯರಾದರು. ಈ ವೈಭವವನ್ನು ಗೇಲಿ ಮಾಡುವಂತೆ, ಇಂಗ್ಲೆಂಡಿನ ಡೆವನ್ ಭಾಗದ ಜೂಲಿಯನ್ ನೋವಿಲ್ ಎಂಬ ಷೇರು ದಲ್ಲಾಳಿ 2003ರ ಸುಮಾರಿಗೆ ಇನ್ನೊಂದು ಬಗೆಯ ಓಟ ಶುರುಮಾಡಿದರು. ಕಾರಿನ ಬೆಲೆ 100 ಪೌಂಡ್ ಮೀರಬಾರದು, ಅದನ್ನು ಸಜ್ಜು ಮಾಡಲು 15 ಪೌಂಡಿಗಿಂತ ಹೆಚ್ಚು ಸುರಿಯಬಾರದು, ಪ್ಲಿಮತ್ ಊರಿನಿಂದ ಹೊರಟು ಸಹಾರಾ ದಾಟಿ ಪಶ್ಚಿಮ ಆಫ್ರಿಕಾ ಮುಟ್ಟಬೇಕು, ಮುಟ್ಟಿದ ಕಾರನ್ನು ಅಲ್ಲೇ ಹರಾಜು ಹಾಕಿ ಬಂದ ಹಣವನ್ನು ಅಲ್ಲಿನ ಸೇವಾಸಂಸ್ಥೆಗಳಿಗೆ ಕೊಡಬೇಕು. ಇದೇ ಪ್ಲಿಮತ್–ಬಾಂಜುಲ್ ಚಾಲೆಂಜ್. 2004ರಲ್ಲಿ ಟಾಮ್ ಮಾರ್ಗನ್ ಮತ್ತು ಗೆಳೆಯರು ಮಂಗೋಲ್ ರ‍್ಯಾಲಿ ನಡೆಸಿದರು. ಇಂಗ್ಲೆಂಡಿನಿಂದ ಮಂಗೋಲಿಯದ ರಾಜಧಾನಿ ಉಲಾನ್‌ಬಾತರ್‌ವರೆಗೆ ಸುಮಾರು 16,000 ಕಿಲೋಮೀಟರ್, ಒಂದು ಲೀಟರಿನ ಆಸುಪಾಸಿನ ಪುಟ್ಟ ಎಂಜಿನ್, ನಿಗದಿತ ದಾರಿ ಇಲ್ಲ, ಹಿಂದಿನಿಂದ ಮೆಕ್ಯಾನಿಕ್ ವ್ಯಾನು ಬರುವುದಿಲ್ಲ. ಅವರ ‘ದಿ ಅಡ್ವೆಂಚರಿಸ್ಟ್ಸ್’ ಸಂಸ್ಥೆ 2006ರಿಂದ ನಮ್ಮ ದೇಶದಲ್ಲೇ ಆಟೋಗಳ ‘ರಿಕ್ಷಾ ರನ್’ ನಡೆಸುತ್ತಿದೆ. ಸ್ಪರ್ಧೆ ಎಂಬ ಹೆಸರಿದ್ದರೂ ಇವುಗಳಲ್ಲಿ ಮೊದಲು ಬಂದವರಿಗೆ ಬಹುಮಾನವಿಲ್ಲ. ನಾಲ್ಕು ಜನ ಗೆಳೆಯರು ಸೇರಿ ಒಂದು ಲಟಾರಿ ಗಾಡಿಯಲ್ಲಿ ದೂರ ಹೋಗುವುದು, ಆ ನೆಪದಲ್ಲಿ ಒಂದಿಷ್ಟು ಹಣ ಒಟ್ಟುಮಾಡಿ ಒಳ್ಳೆಯ ಕೆಲಸಕ್ಕೆ ಕೊಡುವುದು, ಇಷ್ಟೇ ಇದರ ಹೂರಣ.

ಇಂಥದ್ದಕ್ಕೆ ಹೊರಡಬೇಕು ಅಂದುಕೊಂಡವರಿಗೆ ಇಲ್ಲಿ ಹೇಳಲಿರುವ ಸಲಹೆಗಳೆಲ್ಲ ಒಂದೇ ನಿಯಮದಿಂದ ಹೊರಡುತ್ತವೆ. ದಾರಿಖರ್ಚು ಪೂರ್ತಿಯಾಗಿ ತಂಡದ್ದು. ದೇಣಿಗೆ ಪೂರ್ತಿಯಾಗಿ ಸಂಸ್ಥೆಯದ್ದು. ಒಂದರ ದುಡ್ಡು ಇನ್ನೊಂದಕ್ಕೆ ಒಂದು ರೂಪಾಯಿಯಷ್ಟೂ ಸೋರಬಾರದು. ಕೇಳಲು ಇದು ಲೆಕ್ಕಪರಿಶೋಧಕರ ಮಾತಿನಂತಿದೆ. ಆದರೆ ಯಾವ ರ‍್ಯಾಲಿ ಆರಿಸಬೇಕು, ಯಾವ ಗಾಡಿ, ಯಾವ ಗೆಳೆಯರು, ರಾತ್ರಿ ಗಾಡಿ ಓಡಿಸಬೇಕೋ ಬೇಡವೋ ಎನ್ನುವವರೆಗೆ ಎಲ್ಲವನ್ನೂ ಇದೇ ನಿಯಮ ತೀರ್ಮಾನಿಸುತ್ತದೆ. ನಿಯಮ ಮುರಿದಾಗ ಏನಾಗುತ್ತದೆ ಎಂಬುದಕ್ಕೆ ನಮ್ಮಲ್ಲಿ ಸಿದ್ಧ ಮಾತಿದೆ: ಯಾರದ್ದೋ ದುಡ್ಡು, ಎಲ್ಲಮ್ಮನ ಜಾತ್ರೆ. ಬ್ರಿಟನ್ನಿನ ತೆರಿಗೆ ಇಲಾಖೆಯೂ ಬೇರೆ ಭಾಷೆಯಲ್ಲಿ ಇದನ್ನೇ ಹೇಳಿದೆ. ಅಲ್ಲಿ ತೆರಿಗೆದಾರರು ಸೇವಾಸಂಸ್ಥೆಗೆ ಒಂದು ಪೌಂಡ್ ಕೊಟ್ಟರೆ ಸರ್ಕಾರ ‘ಗಿಫ್ಟ್ ಏಡ್’ ಎಂದು 25 ಪೆನ್ಸ್ ಸೇರಿಸುತ್ತದೆ. ಸಾಹಸಯಾತ್ರೆಯ ಖರ್ಚನ್ನು ಸಂಸ್ಥೆಯೇ ಭರಿಸುತ್ತಿದ್ದರೆ, ಯಾತ್ರಿಕರೂ ಅವರ ಹತ್ತಿರದ ಬಂಧುಗಳೂ ಕೊಟ್ಟ ಹಣಕ್ಕೆ ಈ ಸೌಲಭ್ಯ ಸುಲಭವಾಗಿ ಸಿಗುವುದಿಲ್ಲ. ಅಪ್ಪ ಕೊಟ್ಟ ದೇಣಿಗೆ ಮಗನ ವಿಮಾನ ಟಿಕೆಟ್ಟಾಗಿ ವಾಪಸು ಬಂದರೆ ಅದು ದಾನವಲ್ಲ, ಪ್ರತಿಫಲ ಎನ್ನುವುದು ಅಲ್ಲಿನ ತರ್ಕ. ಯಾತ್ರಿಕರು ತಮ್ಮ ಖರ್ಚು ತಾವೇ ಕೊಟ್ಟುಕೊಂಡರೆ ಈ ತಕರಾರು ಏಳುವುದೇ ಇಲ್ಲ.

ಮೊದಲ ಆಕ್ಷೇಪ ಎಲ್ಲರಿಗೂ ಗೊತ್ತಿರುವುದೇ. ಅಷ್ಟೊಂದು ಸೇವೆಯ ಮನಸ್ಸಿದ್ದರೆ ತಿರುಗಾಟದ ಹಣವನ್ನೇ ನೇರವಾಗಿ ಕೊಡಬಾರದೇ? ನಾಲ್ವರು ತಲಾ ₹60,000 ಹಾಕಿ ₹2.4 ಲಕ್ಷ ಖರ್ಚು ಮಾಡಿ, ಕೊನೆಗೆ ₹1 ಲಕ್ಷ ದೇಣಿಗೆ ಎತ್ತಿದರು ಅನ್ನಿ. ಖರ್ಚನ್ನೇ ಕೊಟ್ಟಿದ್ದರೆ ಎರಡು ಪಟ್ಟಿಗಿಂತ ಹೆಚ್ಚಾಗುತ್ತಿತ್ತು. ಲೆಕ್ಕ ಸರಿ, ಹೋಲಿಕೆ ಸರಿಯಲ್ಲ. ಆ ₹2.4 ಲಕ್ಷ ಯಾತ್ರೆ ಇಲ್ಲದಿದ್ದರೆ ದಾನವಾಗುತ್ತಿರಲಿಲ್ಲ, ಇನ್ನೊಂದು ಪ್ರವಾಸವೋ ಹೊಸ ಬೈಕೋ ಆಗುತ್ತಿತ್ತು. ರಜೆಗೆ ಗೋವಾಕ್ಕೆ ಹೋಗುವವರನ್ನು ಯಾರೂ ಈ ಪ್ರಶ್ನೆ ಕೇಳುವುದಿಲ್ಲ. ಹಾಗಂತ ಆಕ್ಷೇಪ ಪೂರ್ತಿ ಪೊಳ್ಳೂ ಅಲ್ಲ. ಯಾತ್ರೆಯನ್ನೇ ಸೇವೆ ಎಂದು ಮೆರೆಸಿದಾಗ ಅದು ನಾಟುತ್ತದೆ. ಯಾತ್ರೆ ನಮ್ಮ ಖುಷಿ, ದೇಣಿಗೆ ಅದರ ಜೊತೆಗಿನ ಬೇರೆ ಕೆಲಸ ಎಂದು ಒಪ್ಪಿಕೊಂಡವರಿಗೆ ನಾಟುವುದಿಲ್ಲ. ಇನ್ನೂ ಸೂಕ್ಷ್ಮವಾದ ಆಕ್ಷೇಪ ಒಂದಿದೆ: ನಿಮ್ಮ ಸಹೋದ್ಯೋಗಿ ಕೊಟ್ಟ ₹500 ಬೇರೆ ಯಾರಿಗೋ ಕೊಡಬೇಕೆಂದಿದ್ದ ₹500 ಆಗಿರಬಹುದು, ಆಗ ಲೋಕಕ್ಕೆ ಹೊಸದಾಗಿ ಬಂದದ್ದೇನು? ಇದು ಸ್ವಲ್ಪ ಮಟ್ಟಿಗೆ ನಿಜವೇ. ಇದಕ್ಕೆ ಇರುವ ಪರಿಹಾರ ಸಂಸ್ಥೆಯ ಆಯ್ಕೆಯಲ್ಲಿದೆ. ದೂರದರ್ಶನದಲ್ಲಿ ಜಾಹೀರಾತು ಕೊಡುವ ದೊಡ್ಡ ಸಂಸ್ಥೆಗಿಂತ, ನಿಮ್ಮ ಬಳಗ ಬೇರೆ ದಾರಿಯಲ್ಲಿ ಎಂದೂ ಕೇಳಿರದ ಸಣ್ಣ ಕೆಲಸವನ್ನು ಆರಿಸಿದರೆ ಹೊಸ ಹಣ ಬರುವ ಸಂಭವ ಹೆಚ್ಚು.

ರ‍್ಯಾಲಿಯ ಆಯ್ಕೆಗೆ ಬರೋಣ. ಸಂಘಟಕರ ಕೈಗೆ ಕಟ್ಟುವ ಪ್ರವೇಶ ಶುಲ್ಕ ಅವರ ವ್ಯಾಪಾರ, ಅದರಲ್ಲಿ ತಪ್ಪಿಲ್ಲ. ಆದರೆ ಅದನ್ನು ದೇಣಿಗೆಯೊಂದಿಗೆ ಕಲಸಿ ಹೇಳುವವರ ಬಗ್ಗೆ ಎಚ್ಚರ. ಮಂಗೋಲ್ ರ‍್ಯಾಲಿಯಲ್ಲಿ ಹಲವು ವರ್ಷ ಇದ್ದ ನಿಯಮ ಸ್ಪಷ್ಟವಾಗಿತ್ತು: ಶುಲ್ಕ ಬೇರೆ, ಅದರ ಹೊರತಾಗಿ ಪ್ರತಿ ತಂಡ ಕನಿಷ್ಠ 1,000 ಪೌಂಡ್ ಎತ್ತಬೇಕು, ಅದರಲ್ಲಿ ಅರ್ಧ ಮಳೆಕಾಡುಗಳ ರಕ್ಷಣೆಗೆ ದುಡಿಯುವ ಕೂಲ್ ಅರ್ಥ್ ಸಂಸ್ಥೆಗೆ, ಉಳಿದರ್ಧ ತಂಡ ಮೆಚ್ಚಿದ ಸಂಸ್ಥೆಗೆ. ಹೀಗೆ ಬರವಣಿಗೆಯಲ್ಲಿ ಬಿಡಿಸಿ ಹೇಳದ ಸಂಘಟಕರ ಹತ್ತಿರ ಹೋಗುವುದೇ ಬೇಡ. ಎರಡನೆಯದಾಗಿ ನೋಡಬೇಕಾದ್ದು ವೇಗ. ದುಬಾರಿ ಕಾರುಗಳ ಗಂಬಾಲ್ 3000 ಎಂಬ ಯಾತ್ರೆಯೂ ಸೇವಾನಿಧಿಯ ಮಾತಾಡುತ್ತದೆ. 2007ರಲ್ಲಿ ಅದರಲ್ಲಿದ್ದ ಒಂದು ಪೋರ್ಷ ಮ್ಯಾಸಿಡೋನಿಯದಲ್ಲಿ ಸ್ಥಳೀಯರ ಕಾರಿಗೆ ಅಪ್ಪಳಿಸಿ ವೃದ್ಧ ದಂಪತಿ ತೀರಿಕೊಂಡರು, ಆ ವರ್ಷದ ಯಾತ್ರೆ ಅಲ್ಲಿಗೇ ನಿಂತಿತು. ಯಾರ ಊರಿನ ರಸ್ತೆಯಲ್ಲಿ ಅತಿಥಿಯಾಗಿ ಹೋಗುತ್ತೀರೋ ಅವರ ಜೀವ ತೆಗೆಯುವ ಸಾಧ್ಯತೆ ಯಾವ ದೇಣಿಗೆಯಿಂದಲೂ ತೀರುವ ಸಾಲವಲ್ಲ. ನಮ್ಮ ದೇಶದಲ್ಲೇ 2022ರಲ್ಲಿ ರಸ್ತೆ ಅಪಘಾತಗಳಲ್ಲಿ 1,68,491 ಜನ ಸತ್ತರು, ಅದರಲ್ಲಿ ಹತ್ತರಲ್ಲಿ ಏಳಕ್ಕೂ ಹೆಚ್ಚು ಸಾವು ಅತಿವೇಗದ ಲೆಕ್ಕಕ್ಕೆ ಸೇರಿದವು. ಲೀಟರೊಳಗಿನ ಎಂಜಿನ್ ಎಂಬ ನಿಯಮ ಬರೀ ತಮಾಷೆಯಲ್ಲ, ಅದು ತನ್ನಷ್ಟಕ್ಕೇ ಒಂದು ಸುರಕ್ಷತಾ ಕ್ರಮ.

ಮೂರನೆಯದು, ಮುಟ್ಟುವ ಖಾತ್ರಿ ಇಲ್ಲ ಎಂಬುದನ್ನು ಮೊದಲೇ ಒಪ್ಪಿಕೊಳ್ಳುವುದು. ಮಂಗೋಲ್ ರ‍್ಯಾಲಿಯ ಮೊದಲ ವರ್ಷ 6 ಕಾರು ಹೊರಟು 4 ಮುಟ್ಟಿದವು. 2006ರಲ್ಲಿ 167 ಹೊರಟು 117 ಮುಟ್ಟಿದವು. ಅಂದರೆ ಹತ್ತಕ್ಕೆ ಮೂರು ಕಾರು ದಾರಿಯಲ್ಲೇ ಉಳಿದವು. ಹಾಗಾಗಿ ‘ಕಿಲೋಮೀಟರಿಗೆ ಇಷ್ಟು’ ಅಥವಾ ‘ಗುರಿ ಮುಟ್ಟಿದರೆ ಇಷ್ಟು’ ಎಂಬ ಷರತ್ತಿನ ದೇಣಿಗೆಯನ್ನು ಒಪ್ಪಿಕೊಳ್ಳಬೇಡಿ. ಅದು ಆಕರ್ಷಕವಾಗಿ ಕಾಣುತ್ತದೆ, ಆದರೆ ಬ್ರೇಕು ಸರಿಯಿಲ್ಲದ ಗಾಡಿಯನ್ನು ‘ಮಕ್ಕಳ ಆಸ್ಪತ್ರೆಗಾಗಿ’ ಇನ್ನು ಮುನ್ನೂರು ಕಿಲೋಮೀಟರ್ ಎಳೆಯುವ ಒತ್ತಡ ಹುಟ್ಟುವುದು ಅಲ್ಲೇ. ಹೊರಡುವ ಮೊದಲೇ ದೇಣಿಗೆ ಪೂರ್ತಿ ಸಂಸ್ಥೆಯ ಖಾತೆಗೆ ಸೇರಿರಬೇಕು. ಆಮೇಲೆ ಗಾಡಿ ಮಂಗೋಲಿಯ ಮುಟ್ಟಲಿ, ಜಾರ್ಜಿಯದಲ್ಲಿ ಕೈಕೊಡಲಿ, ಕೊಟ್ಟ ಮಾತು ಉಳಿದಿರುತ್ತದೆ. ಎರಡು ಗಂಟುಗಳನ್ನು ಬೇರೆ ಇಟ್ಟರೆ ಹಿಂದಿರುಗುವ ಸ್ವಾತಂತ್ರ್ಯವೂ ಸಿಗುತ್ತದೆ.

ಗಾಡಿಯ ವಿಷಯ. ಬ್ರಿಟನ್ನಿನಿಂದ ಹೊರಡುವವರು ನಿಸಾನ್ ಮೈಕ್ರಾ, ಫಿಯಟ್ ಪಾಂಡಾ, ಸುಝುಕಿ ಆಲ್ಟೊಗಳತ್ತ ವಾಲುತ್ತಾರೆ. 2009ರ ನಂತರ ಅಲ್ಲಿ ಮಾರಾಟವಾದ ಆಲ್ಟೊ ಮತ್ತು ನಿಸಾನ್ ಪಿಕ್ಸೊ ನಮ್ಮ ಹರಿಯಾಣದ ಮಾನೇಸರಿನಲ್ಲಿ ತಯಾರಾದ ಮಾರುತಿ ಎ-ಸ್ಟಾರ್‌ಗಳೇ ಎನ್ನುವುದು ನಮಗೆ ಖುಷಿ ಕೊಡುವ ಸಂಗತಿ. ಇಲ್ಲಿಂದ ಹೋಗಿ ಅಲ್ಲಿ ಕಾರು ಕೊಳ್ಳುವವರಿಗೆ ನೋಂದಣಿ ಪತ್ರಕ್ಕೆ ಬ್ರಿಟನ್ನಿನ ವಿಳಾಸ ಬೇಕು, ಆದ್ದರಿಂದ ಲಂಡನ್ನಿನಲ್ಲೋ ಮ್ಯಾಂಚೆಸ್ಟರಿನಲ್ಲೋ ಕೆಲಸದಲ್ಲಿರುವ ಗೆಳೆಯನೋ ಗೆಳತಿಯೋ ತಂಡದಲ್ಲಿದ್ದರೆ ಅರ್ಧ ತಲೆನೋವು ಕಡಿಮೆ. ದಾರಿಯಲ್ಲಿ ಇಂಥ ಕಾರುಗಳನ್ನು ಕೆಡವುವುದು ಎಂಜಿನ್ನಿಗಿಂತ ಹೆಚ್ಚಾಗಿ ಹೊರೆ. ಮೇಲೆ ಕ್ಯಾರಿಯರ್ ಕಟ್ಟಿ, ಅದರ ಮೇಲೆ ಎರಡು ಸ್ಟೆಪ್ನಿ, ನೀರಿನ ಕ್ಯಾನು, ಟೆಂಟು ಪೇರಿಸಿದರೆ ಹಳೆಯ ಸ್ಪ್ರಿಂಗುಗಳು ಮೊದಲ ಸಾವಿರ ಕಿಲೋಮೀಟರ್ ಕಚ್ಚಾ ರಸ್ತೆಯಲ್ಲೇ ಕೂರುತ್ತವೆ, ಕೂತ ಮೇಲೆ ಕಲ್ಲು ನೇರವಾಗಿ ಎಂಜಿನ್ ಆಯಿಲ್ ಚೇಂಬರಿಗೆ ಬಡಿಯುತ್ತದೆ. ಚೇಂಬರಿನ ಕೆಳಗೆ ಒಂದು ದಪ್ಪ ತಗಡಿನ ಗಾರ್ಡ್ ಹಾಕಿಸುವುದು, ಹೊಸ ಟೈರು, ಹೊಸ ರೇಡಿಯೇಟರ್ ಹೋಸುಗಳು, ಬ್ರೇಕ್ ಪ್ಯಾಡು, ಇಷ್ಟು ಸಾಕು. ಉಳಿದದ್ದನ್ನು ದಾರಿಯ ಮೆಕ್ಯಾನಿಕ್ಕುಗಳಿಗೆ ಬಿಡಿ. ತಜಿಕಿಸ್ತಾನದ ಪಾಮೀರ್ ಹೆದ್ದಾರಿಯ ಮೇಲೆ ಹೋಗುವವರು ಮಾತ್ರ ಇನ್ನೊಂದು ಲೆಕ್ಕ ಹಾಕಬೇಕು. ಅಲ್ಲಿನ ಅಕ್-ಬೈತಾಲ್ ಕಣಿವೆದಾರಿ 4,655 ಮೀಟರ್ ಎತ್ತರದಲ್ಲಿದೆ. ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚಿರುವ ಅಲ್ಲಿ ಲೀಟರೆಂಜಿನ್ನಿಗೂ ಉಸಿರು ಕಟ್ಟುತ್ತದೆ, ಒಳಗೆ ಕೂತವರಿಗೂ. ಒಂದೇ ದಿನದಲ್ಲಿ ಹತ್ತಬಾರದು.

ಗಾಡಿಯ ಪ್ರಶ್ನೆಯಲ್ಲಿ ಹೆಚ್ಚು ಯೋಚಿಸಬೇಕಾದ್ದು ಕೊನೆಗೆ ಅದು ಏನಾಗುತ್ತದೆ ಎಂಬುದು. ‘ಬಡ ದೇಶಕ್ಕೆ ಕಾರು ದಾನ’ ಎಂಬ ಮಾತು ಚೆಂದ. ಬೇಕಾದವರಿಗೆ ಬೇಕಾದದ್ದು ಸಿಕ್ಕಿತೇ, ಇಲ್ಲ ನಮ್ಮ ಗುಜರಿ ಅವರ ಹಿತ್ತಲಿಗೆ ಹೋಯಿತೇ ಎಂದು ಕೇಳಬೇಕು. ಬಾಂಜುಲ್ ಉದಾಹರಣೆ ಇಲ್ಲಿ ಪಾಠ ಹೇಳುತ್ತದೆ. ಯಾತ್ರೆಯ ಹೆಸರು ಮೊದಲು ಪ್ಲಿಮತ್–ಡಕಾರ್ ಎಂದಿತ್ತು, ಆದರೆ ಐದು ವರ್ಷಕ್ಕಿಂತ ಹಳೆಯ ಕಾರುಗಳ ಆಮದನ್ನು ಸೆನೆಗಲ್ ನಿಷೇಧಿಸಿತ್ತು. ಹಾಗಾಗಿ ಗುರಿ ನೆರೆಯ ಗ್ಯಾಂಬಿಯದ ಬಾಂಜುಲ್‌ಗೆ ಸರಿಯಿತು, ಸೆನೆಗಲ್ ದಾಟುವಾಗ ಈ ಕಾರುಗಳಿಗೆ ಸುಂಕದವರ ಕಾವಲು. ಗ್ಯಾಂಬಿಯದಲ್ಲಿ ಬಲಗಡೆ ಸ್ಟೀರಿಂಗ್ ಇರುವ ಕಾರು ನಡೆಯುವುದಿಲ್ಲ, ಆದ್ದರಿಂದ ಬ್ರಿಟನ್ನಿನಿಂದ ಹೊರಡುವವರೂ ಹುಡುಕಿ ಎಡಗಡೆ ಸ್ಟೀರಿಂಗಿನ ಕಾರು ಕೊಳ್ಳುತ್ತಾರೆ. ಕೊಡುವವರ ಅನುಕೂಲವಲ್ಲ, ಪಡೆಯುವವರ ಕಾನೂನು ಗಾಡಿಯನ್ನು ಆರಿಸಿತು. ಹರಾಜಿನಲ್ಲಿ ಕೊಂಡವರು ಅದನ್ನು ಓಡಿಸಬಲ್ಲರು, ಆದ್ದರಿಂದ ಹಣ ಕೊಡುತ್ತಾರೆ. ಮಂಗೋಲಿಯದಲ್ಲೂ ಮೊದಮೊದಲು ಕಾರುಗಳನ್ನು ಅಲ್ಲೇ ಬಿಟ್ಟು ಮಾರಿ ದೇಣಿಗೆಗೆ ಸೇರಿಸುವ ಪದ್ಧತಿಯಿತ್ತು. ಮುಂದೆ ಗುರಿ ರಷ್ಯಾದ ಉಲಾನ್-ಉದೆಗೆ ಬದಲಾಯಿತು, ಕಾರನ್ನು ಅಲ್ಲಿ ಬಿಡುವಂತಿರಲಿಲ್ಲ, ವಾಪಸು ಸಾಗಿಸುವ ಖರ್ಚು ತಂಡದ ತಲೆಗೆ ಬಂತು. ಹಲವರಿಗೆ ಇದು ರುಚಿಸಿರಲಿಕ್ಕಿಲ್ಲ. ನನ್ನ ಮಟ್ಟಿಗೆ ಅದು ಹೆಚ್ಚು ಪ್ರಾಮಾಣಿಕ ವ್ಯವಸ್ಥೆ: ನಿಮ್ಮ ಹಳೆ ಗಾಡಿಯ ವಿಲೇವಾರಿ ನಿಮ್ಮ ಖರ್ಚೇ ಹೊರತು ಅವರಿಗೆ ಕೊಟ್ಟ ಉಡುಗೊರೆಯಲ್ಲ. ರಿಕ್ಷಾ ರನ್‌ನಲ್ಲಿ ಆಟೋ ಸಂಘಟಕರದ್ದೇ, ಓಡಿಸಿ ವಾಪಸು ಕೊಡುವುದು, ಹಾಗಾಗಿ ಈ ಗೊಂದಲವೇ ಇಲ್ಲ.

ಗೆಳೆಯರ ಆಯ್ಕೆಯನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಕಾಲೇಜಿನಲ್ಲಿ ಒಟ್ಟಿಗೆ ಬೈಟು ಕಾಫಿ ಕುಡಿದವರೆಲ್ಲ ಮೈಕ್ರಾದ ಹಿಂದಿನ ಸೀಟಿನಲ್ಲಿ ಆರು ವಾರ ಒಟ್ಟಿಗೆ ಕೂರಲಾರರು. ಜಗಳ ಹುಟ್ಟುವುದು ಹೆಚ್ಚಾಗಿ ಎರಡೇ ಜಾಗದಲ್ಲಿ, ದುಡ್ಡು ಮತ್ತು ನಿದ್ದೆ. ಹೊರಡುವ ಮೊದಲೇ ಎಲ್ಲರೂ ಸಮಪಾಲು ಹಾಕಿ ಒಂದು ಸಾಮಾನ್ಯ ಗಂಟು ಮಾಡಿ, ಅದರಲ್ಲಿ ಮೂರನೇ ಒಂದು ಭಾಗವನ್ನು ರಿಪೇರಿಗೂ ತುರ್ತಿಗೂ ಮೀಸಲಿಡಿ, ಲೆಕ್ಕ ಬರೆಯುವ ಕೆಲಸವನ್ನು ಅತ್ಯಂತ ಜಿಪುಣನಿಗೆ ಒಪ್ಪಿಸಿ. ಮಧ್ಯದಲ್ಲಿ ಒಬ್ಬ ಬಿಟ್ಟುಹೋದರೆ ಅವನ ಪಾಲು ವಾಪಸು ಉಂಟೋ ಇಲ್ಲವೋ ಎಂಬುದನ್ನು ಬರೆದು ಸಹಿ ಹಾಕಿಕೊಳ್ಳಿ. ಗೆಳೆತನದಲ್ಲಿ ಕಾಗದವೇಕೆ ಅನ್ನುವವನೇ ಆಮೇಲೆ ಮೊದಲು ತಕರಾರು ತೆಗೆಯುವವನು. ಕಾರು ಯಾರ ಹೆಸರಿನಲ್ಲಿ ಇರುತ್ತದೆ ಎಂಬುದು ಇನ್ನೂ ಮುಖ್ಯ. ಟರ್ಕಿಯಲ್ಲಿ ವಿದೇಶೀ ನೋಂದಣಿಯ ಗಾಡಿ ಒಳಬರುವಾಗ ಅದನ್ನು ಚಾಲಕನ ಪಾಸ್‌ಪೋರ್ಟಿನ ಲೆಕ್ಕಕ್ಕೆ ಸೇರಿಸುತ್ತಾರೆ. ಗಾಡಿ ಬಿಟ್ಟು ಆ ವ್ಯಕ್ತಿ ವಿಮಾನ ಹತ್ತಿ ಹೊರಡುವಂತಿಲ್ಲ. ಮನೆಯಲ್ಲಿ ವಯಸ್ಸಾದ ತಾಯಿತಂದೆ ಇರುವವರು, ಕಚೇರಿಯಿಂದ ಯಾವಾಗ ಕರೆ ಬಂದೀತೋ ಎನ್ನುವವರು ತಮ್ಮ ಹೆಸರಿನಲ್ಲಿ ಗಾಡಿ ಇಟ್ಟುಕೊಳ್ಳಬಾರದು. ಕತ್ತಲಾದ ಮೇಲೆ ಮುಂದೆ ಹೋಗುವ ವಿಷಯದಲ್ಲಿ ಬಹುಮತ ಬೇಡ. ನಾಲ್ವರಲ್ಲಿ ಒಬ್ಬರು ‘ಸಾಕು’ ಅಂದರೆ ಅಲ್ಲೇ ತಂಗಬೇಕು.

ಕಾಗದಪತ್ರದ ಭಾಗವನ್ನು ಬೇಗ ಮುಗಿಸಬಹುದು, ಏಕೆಂದರೆ ವೀಸಾ ನಿಯಮಗಳು ಹವಾಮಾನದಂತೆ ಬದಲಾಗುತ್ತವೆ, ಯುದ್ಧ ಮತ್ತು ಗಡಿ ಮುಚ್ಚುವಿಕೆಯಿಂದ ಮಂಗೋಲ್ ರ‍್ಯಾಲಿಯ ದಾರಿಯೇ ಹಲವು ಸಲ ಬದಲಾಗಿದೆ. ಆಯಾ ರಾಯಭಾರ ಕಚೇರಿಯ ಇತ್ತೀಚಿನ ಸೂಚನೆಯನ್ನಷ್ಟೇ ನಂಬಿ. ಅಂತರರಾಷ್ಟ್ರೀಯ ಚಾಲನಾ ಪರವಾನಗಿ ನಿಮ್ಮ ಆರ್‌ಟಿಒ ಕಚೇರಿಯಲ್ಲೇ ಸಿಗುತ್ತದೆ, ಅವಧಿ ಒಂದು ವರ್ಷ. ಸಹಾರಾ ಕಡೆ ಹೋಗುವವರಿಗೆ ಒಂದು ಸಣ್ಣ ಉಪಾಯ: ಮಾರಿಟೇನಿಯದಲ್ಲಿ ದಾರಿಯುದ್ದಕ್ಕೂ ಪೊಲೀಸ್ ಚೌಕಿಗಳು, ಪ್ರತಿಯೊಂದರಲ್ಲೂ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಗಾಡಿ ಸಂಖ್ಯೆ, ಎಲ್ಲಿಂದ ಎಲ್ಲಿಗೆ ಎಂದು ಬರೆದುಕೊಳ್ಳುತ್ತಾರೆ. ಇದೆಲ್ಲವನ್ನೂ ಫ್ರೆಂಚಿನಲ್ಲಿ ಒಂದು ಹಾಳೆಯಲ್ಲಿ ಟೈಪು ಮಾಡಿಸಿ, ಪಾಸ್‌ಪೋರ್ಟಿನ ಪುಟದ ನಕಲು ಸೇರಿಸಿ, ಹತ್ತಾರು ಜೆರಾಕ್ಸ್ ಇಟ್ಟುಕೊಂಡರೆ ಕಿಟಕಿಯಿಂದ ಒಂದು ಹಾಳೆ ಕೊಟ್ಟು ಮುಂದೆ ಸಾಗಬಹುದು. ಅಲ್ಲಿನವರು ಇದನ್ನು ‘ಫೀಶ್’ ಎನ್ನುತ್ತಾರೆ, ಪೊಲೀಸರೇ ಮೊದಲು ಅದನ್ನೇ ಕೇಳುತ್ತಾರೆ. ಮೊರಾಕೊ ಕಡೆಯ ಚೌಕಿ ಮತ್ತು ಮಾರಿಟೇನಿಯದ ಚೌಕಿಯ ನಡುವಿನ ಕೆಲವು ಕಿಲೋಮೀಟರ್ ಯಾರಿಗೂ ಸೇರದ ನೆಲ, ಅಕ್ಕಪಕ್ಕ ನೆಲಬಾಂಬುಗಳಿವೆ. ರಸ್ತೆ ಬಿಟ್ಟು ಫೋಟೋಕ್ಕೆಂದೂ ಇಳಿಯಬಾರದು.

ದೇಶದೊಳಗೇ ಹೊರಡುವವರ ಮಾತು. ರಿಕ್ಷಾ ರನ್ ಕೊಚ್ಚಿ ಮತ್ತು ಜೈಸಲ್ಮೇರ್ ನಡುವೆ ನಡೆಯುವಾಗ ಹಲವು ತಂಡಗಳು ಮಂಗಳೂರು, ಉಡುಪಿ, ಕಾರವಾರ ದಾಟುವ ಕರಾವಳಿ ಹೆದ್ದಾರಿ 66 ಹಿಡಿಯಬಹುದು, ಕೆಲವು ವಯನಾಡಿನಿಂದ ಮೈಸೂರಿಗೆ ಹತ್ತಬಹುದು. ಎರಡನೇ ದಾರಿ ಹಿಡಿದವರಿಗೆ ಬಂಡೀಪುರದ ಗಡಿಯಾರ ನೆನಪಿರಬೇಕು, ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಅಲ್ಲಿ ಗೇಟು ಬಂದ್, 2009ರಿಂದ ಇದೇ ನಿಯಮ. ಆಟೋಗೆ ಬೇಕಾದ ಬಿಡಿಭಾಗಗಳ ಪಟ್ಟಿ ಚಿಕ್ಕದು: ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್, ಸ್ಪಾರ್ಕ್ ಪ್ಲಗ್, ಒಂದು ಟ್ಯೂಬು. ಕೇಬಲ್ ತುಂಡಾಗುವುದು ಘಾಟಿಯ ಮಧ್ಯದಲ್ಲೇ, ಆದರೆ ಅದನ್ನು ಹಾಕಿಕೊಡುವ ಆಟೋ ಚಾಲಕ ಈ ನಾಡಿನ ಯಾವ ತಿರುವಿನಲ್ಲೂ ಸಿಗುತ್ತಾನೆ. ತಾವೇ ಸ್ವಂತ ಕಾರುಗಳಲ್ಲಿ ಬೆಂಗಳೂರಿನಿಂದ ಲೇಹ್‌ಗೋ ಗುವಾಹಟಿಗೋ ‘ಚಾರಿಟಿ ರ‍್ಯಾಲಿ’ ಮಾಡುತ್ತೇವೆ ಎನ್ನುವವರು ಬ್ಯಾನರ್ ಬರೆಸುವ ಮುನ್ನ ಕಾರಿನ ವಿಮಾ ಪಾಲಿಸಿ ತೆರೆದು ‘ಬಳಕೆಯ ಮಿತಿ’ ಎಂಬ ಭಾಗ ಓದಿ. ಸಂಘಟಿತ ರೇಸ್, ವೇಗ ಪರೀಕ್ಷೆ, ಗಾಡಿಯ ವಿಶ್ವಾಸಾರ್ಹತೆಯ ಪರೀಕ್ಷೆ ಇವಕ್ಕೆಲ್ಲ ಸಾಮಾನ್ಯ ಪಾಲಿಸಿ ಅನ್ವಯಿಸುವುದಿಲ್ಲ. ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನ ಪ್ರಕಾರ ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ರಸ್ತೆಯಲ್ಲಿ ವೇಗದ ಸ್ಪರ್ಧೆ ಅಪರಾಧ. ಸಮಯಕ್ಕೆ ಅಂಕ ಕೊಡುವ ಆಟ ಬೇಡ, ಚೆಕ್‌ಪಾಯಿಂಟಿಗೆ ಮೊದಲು ಬಂದವರಿಗೆ ಟ್ರೋಫಿ ಬೇಡ. ಬರೀ ಒಟ್ಟಿಗೆ ಹೋಗುವ ಪ್ರವಾಸವಾಗಿದ್ದರೆ ವಿಮಾ ಕಂಪನಿಗೆ ಪತ್ರ ಬರೆದು ಹಾಗೆಂದು ಖಚಿತಪಡಿಸಿಕೊಳ್ಳಿ. ನೇಪಾಳ, ಭೂತಾನಕ್ಕೆ ದಾಟುವುದಾದರೆ ಪಾಲಿಸಿಯ ವ್ಯಾಪ್ತಿಯನ್ನು ಹೆಚ್ಚುವರಿ ಕಟ್ಟಿ ವಿಸ್ತರಿಸಿಕೊಳ್ಳಬೇಕು. ಹಳೆಯ ಕಾರಿನವರು ದೆಹಲಿ ಸುತ್ತಮುತ್ತ ಹಳೆ ವಾಹನಗಳ ಮೇಲಿರುವ ನಿರ್ಬಂಧವನ್ನು ಹೊರಡುವ ವಾರ ಮತ್ತೊಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಇನ್ನು ಹಣ ಎತ್ತುವ ಬಗೆ. ಇಲ್ಲಿ ಮೊದಲ ನಿಯಮ, ನಿಮ್ಮ ಸ್ವಂತ ಖಾತೆಯ ಕ್ಯೂಆರ್ ಕೋಡನ್ನು ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಎಷ್ಟೇ ಸಾಚಾ ಇದ್ದರೂ ದೇಣಿಗೆ ಒಂದು ದಿನವಾದರೂ ನಿಮ್ಮ ಖಾತೆಯಲ್ಲಿ ಮಲಗಿದರೆ ಅದು ದಾರಿಖರ್ಚಿನ ಜೊತೆ ಕಲಸಿಹೋಗುತ್ತದೆ, ಕಲಸಿಲ್ಲ ಎಂದು ಸಾಬೀತು ಮಾಡುವುದು ನಿಮ್ಮ ಹೊಣೆಯಾಗುತ್ತದೆ. ದಾನಿಯಿಂದ ನೇರವಾಗಿ ಸಂಸ್ಥೆಯ ಖಾತೆಗೆ ಹೋಗಲಿ, ನಿಮ್ಮ ಪಾಲಿಗೆ ಬರುವುದು ರಸೀದಿಯ ನಕಲು ಮಾತ್ರ. ಜನಪ್ರಿಯ ದೇಣಿಗೆ ತಾಣಗಳನ್ನು ಬಳಸಿದರೆ ಅವರು ಹಿಡಿದುಕೊಳ್ಳುವ ಕಮಿಷನ್ ಎಷ್ಟೆಂದು ದಾನಿಗಳಿಗೆ ಮೊದಲೇ ತಿಳಿಸಿ. ತೆರಿಗೆ ವಿನಾಯಿತಿ ನಿರೀಕ್ಷಿಸುವವರಿಗೆ ಎರಡು ಮಾತು: 80ಜಿ ಎಂದೇ ಪರಿಚಿತವಾದ ರಿಯಾಯಿತಿ ನೋಂದಾಯಿತ ಭಾರತೀಯ ಸಂಸ್ಥೆಗೆ ಕೊಟ್ಟ ಹಣಕ್ಕಷ್ಟೇ ಸಿಗುತ್ತದೆ, ₹2,000ಕ್ಕಿಂತ ಹೆಚ್ಚು ನಗದು ಕೊಟ್ಟರೆ ಸಿಗುವುದಿಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಹೇಗೂ ಇಲ್ಲ. ಹೊರದೇಶದ ಬಳಗದಿಂದ ಹಣ ಕೇಳುವಾಗ ಇನ್ನಷ್ಟು ಜಾಗ್ರತೆ ಬೇಕು. ದುಬೈಯಲ್ಲಿರುವ ಭಾರತೀಯ ಪಾಸ್‌ಪೋರ್ಟಿನ ಭಾವ ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟದ್ದು ವಿದೇಶೀ ದೇಣಿಗೆಯಲ್ಲ. ಅಮೆರಿಕದ ಪೌರತ್ವ ಪಡೆದ ಚಿಕ್ಕಪ್ಪ ಕೊಟ್ಟದ್ದು, ಅವರ ಬಳಿ ಒಸಿಐ ಕಾರ್ಡಿದ್ದರೂ, ವಿದೇಶೀ ದೇಣಿಗೆಯೇ. ಅಲ್ಲಿನ ಕನ್ನಡ ಕೂಟ ಎತ್ತಿಕೊಟ್ಟ ಹಣವೂ ಹಾಗೆಯೇ. ವಿದೇಶೀ ದೇಣಿಗೆಯ ಕಾಯ್ದೆಯಾದ ಎಫ್‌ಸಿಆರ್‌ಎ ಅಡಿ ನೋಂದಣಿ ಇಲ್ಲದ ಸಂಸ್ಥೆ ಅದನ್ನು ಸ್ವೀಕರಿಸಿದರೆ ಪೆಟ್ಟು ಬೀಳುವುದು ಸಂಸ್ಥೆಗೆ. ಉಪಕಾರ ಮಾಡಲು ಹೋಗಿ ಅಪಕಾರ ಮಾಡಿದಂತಾದೀತು.

ಇಷ್ಟು ಕಟ್ಟುನಿಟ್ಟಾದರೆ ಕಾಸಿರುವವರು ಮಾತ್ರ ಹೊರಡಬಹುದಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದು. ಈಗಷ್ಟೇ ಕೆಲಸಕ್ಕೆ ಸೇರಿದ ಹುಡುಗಿಗೆ ₹60,000 ಸಣ್ಣ ಮೊತ್ತವಲ್ಲ. ಅದಕ್ಕೆ ದಾರಿಯಿದೆ: ಪ್ರಾಯೋಜಕರು. ಊರಿನ ಟೈರ್ ಅಂಗಡಿ ಟೈರು ಕೊಡಲಿ, ಹೋಟೆಲಿನವರು ಡೀಸೆಲ್ಲಿಗೆ ಹಣ ಕೊಡಲಿ, ಬದಲಿಗೆ ಬಾನೆಟ್ಟಿನ ಮೇಲೆ ಅವರ ಹೆಸರು ಹಾಕಿ. ಅದು ಜಾಹೀರಾತಿನ ವ್ಯವಹಾರ, ಎರಡೂ ಕಡೆಗೆ ಗೊತ್ತಿರುವುದು. ತಪ್ಪಾಗುವುದು ಪ್ರಾಯೋಜಕರ ಹಣವನ್ನು ದೇಣಿಗೆ ಎಂದು ತೋರಿಸಿದಾಗ, ಅಥವಾ ‘ಮಕ್ಕಳಿಗಾಗಿ’ ಎಂದು ಕೇಳಿ ಪೆಟ್ರೋಲಿಗೆ ಹಾಕಿದಾಗ. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರು ಎಂದು ಪಡೆದವರನ್ನು ಹಂಗಿಸುತ್ತೇವೆ. ಇಲ್ಲಿ ಮೊಳ ಹಾಕುವ ಹಕ್ಕು ಕೊಟ್ಟವರದ್ದು, ಹಾಕಲಿ ಎಂದು ಲೆಕ್ಕವನ್ನು ಅಂಗಳದಲ್ಲೇ ಹರಡಿಡಬೇಕು.

ಹಣ ಯಾರಿಗೆ ಹೋಗಬೇಕು ಎಂಬುದರಲ್ಲಿ ನನ್ನ ಒಲವು ಹತ್ತಿರದ, ಹೋಗಿ ಕಣ್ಣಾರೆ ನೋಡಬಹುದಾದ ಕೆಲಸದ ಕಡೆಗೆ. ನಿಮ್ಮ ತಾಲ್ಲೂಕಿನ ಸರ್ಕಾರಿ ಶಾಲೆಯ ಎಸ್‌ಡಿಎಂಸಿಯವರನ್ನು ಕೇಳಿದರೆ ಶೌಚಾಲಯಕ್ಕೆ ನೀರಿನ ಟ್ಯಾಂಕು ಬೇಕೋ, ಗ್ರಂಥಾಲಯಕ್ಕೆ ಕಪಾಟು ಬೇಕೋ ಹೇಳುತ್ತಾರೆ, ಆಮೇಲೆ ಹೋಗಿ ನೋಡಲೂಬಹುದು. ದಾರಿಯುದ್ದಕ್ಕೂ ಗಾಡಿ ನಿಲ್ಲಿಸಿ ಮಕ್ಕಳಿಗೆ ಪೆನ್ನು, ಚಾಕೊಲೇಟು ಹಂಚಿ ಫೋಟೋ ತೆಗೆಸಿಕೊಳ್ಳುವುದನ್ನು ಮಾತ್ರ ಬಿಟ್ಟುಬಿಡಿ. ವಿದೇಶೀ ಗಾಡಿ ಕಂಡರೆ ಕೈಚಾಚುವುದನ್ನು ಕಲಿಸುವುದಲ್ಲದೆ ಅದರಿಂದ ಬೇರೇನೂ ಆಗುವುದಿಲ್ಲ; ಯಾರದೋ ಮಗುವಿನ ಮುಖ ನಿಮ್ಮ ಪ್ರಚಾರದ ಸಾಮಗ್ರಿಯೂ ಆಗಬಾರದು. ಬಡತನವನ್ನು ಸೀನರಿ ಮಾಡುವ ಯಾತ್ರೆ ಎಂಬ ಟೀಕೆ ಹುಟ್ಟಿದ್ದೇ ಇಂಥ ಫೋಟೋಗಳಿಂದ, ಟೀಕೆ ಸರಿಯಾಗೇ ಇದೆ. ದಾರಿಯ ಜನರಿಗೆ ನಿಮ್ಮಿಂದ ಆಗುವ ನಿಜವಾದ ಲಾಭ ಅವರ ಹೋಟೆಲಿನಲ್ಲಿ ಉಂಡು, ಅವರ ಗ್ಯಾರೇಜಿನಲ್ಲಿ ರಿಪೇರಿ ಮಾಡಿಸಿ, ಕೇಳಿದಷ್ಟು ಕೊಡುವುದು. ಹೊಗೆಯ ಆಕ್ಷೇಪಕ್ಕೂ ತಪ್ಪಿಸಿಕೊಳ್ಳುವ ಉತ್ತರ ಬೇಡ. 16,000 ಕಿಲೋಮೀಟರಿಗೆ, ಲೀಟರಿಗೆ 15 ಕಿಲೋಮೀಟರಿನ ಲೆಕ್ಕದಲ್ಲಿ, ಸಾವಿರಕ್ಕೂ ಮಿಕ್ಕಿ ಲೀಟರ್ ಪೆಟ್ರೋಲ್ ಸುಡುತ್ತದೆ. ಲೀಟರಿಗೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್, ಅಂದರೆ ಎರಡೂವರೆ ಟನ್ನಿನ ಹತ್ತಿರ. ವಾಪಸು ಬರುವ ವಿಮಾನದ್ದು ಇದರಲ್ಲಿ ಸೇರಿಲ್ಲ. ನಾಲ್ವರು ಕೂತರೆ ತಲಾ ಪಾಲು ಕಡಿಮೆಯಾಗುತ್ತದೆ, ಇಬ್ಬರೇ ಹೋದರೆ ದುಪ್ಪಟ್ಟು. ಆದ್ದರಿಂದ ಸೀಟು ತುಂಬಿಸಿಕೊಂಡು ಹೊರಡಿ. ಮಳೆಕಾಡಿನ ಸಂಸ್ಥೆಗೆ ಕೊಟ್ಟ ಹಣ ಒಳ್ಳೆಯದೇ, ಅದರಿಂದ ಹೊಗೆ ಅಳಿಸಿತು ಎಂದು ಕರಪತ್ರದಲ್ಲಿ ಬರೆಯಬೇಡಿ.

ಭಾರತದ ನೋಂದಣಿಯ ಕಾರನ್ನೇ ಹೊರದೇಶಕ್ಕೆ ಒಯ್ಯುವವರಿಗೆ ಮಾತ್ರ ಒಂದು ಕೆಲಸ ಮನೆಗೆ ಬಂದ ಮೇಲೂ ಬಾಕಿ ಉಳಿಯುತ್ತದೆ. ಇರಾನಿನಂಥ ದೇಶಗಳಿಗೆ ಬೇಕಾಗುವ ಕಾರ್ನೆ ಎಂಬ ಸುಂಕದ ಪುಸ್ತಕವನ್ನು ಮುಂಬೈಯ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಷನ್, ಚೆನ್ನೈಯ ದಕ್ಷಿಣ ಭಾರತದ ಆಟೊಮೊಬೈಲ್ ಸಂಘಗಳು ಭದ್ರತಾ ಠೇವಣಿ ಇಟ್ಟುಕೊಂಡು ಕೊಡುತ್ತವೆ. ಪ್ರತಿ ಹಾಳೆಯಲ್ಲಿ ಮೂರು ತುಂಡು: ಒಳಬರುವಾಗ ಒಂದನ್ನು, ಹೊರಹೋಗುವಾಗ ಇನ್ನೊಂದನ್ನು ಸುಂಕದವರು ಹರಿದುಕೊಳ್ಳುತ್ತಾರೆ, ಮೂರನೆಯದು ಪುಸ್ತಕದಲ್ಲೇ ಉಳಿಯುತ್ತದೆ, ಅದರ ಮೇಲೆ ಎರಡೂ ಮೊಹರು ಬಿದ್ದಿರಬೇಕು. ಗಡಿಯಲ್ಲಿ ಜನಜಂಗುಳಿ ಇರಲಿ, ಮಳೆ ಇರಲಿ, ಹೊರಹೋಗುವ ಮೊಹರು ಬಿದ್ದದ್ದನ್ನು ನೋಡದೆ ಗಾಡಿ ಸ್ಟಾರ್ಟ್ ಮಾಡಬೇಡಿ. ಒಂದು ಮೊಹರು ತಪ್ಪಿದರೆ ಗಾಡಿಯನ್ನು ಅಲ್ಲೇ ಮಾರಿ ಬಂದಿರಿ ಎಂದು ಆ ದೇಶ ಸುಂಕ ಕೇಳಬಹುದು, ಅದು ಹೋಗುವುದು ನಿಮ್ಮ ಠೇವಣಿಯಿಂದ. ವಾಪಸು ಬಂದ ವಾರವೇ ಪುಸ್ತಕವನ್ನು ಸಂಘಕ್ಕೆ ಒಪ್ಪಿಸಿ ಠೇವಣಿ ಬಿಡಿಸಿಕೊಳ್ಳಿ. ಬಿಡಿಸಿಕೊಂಡ ಮೊತ್ತ ದಾರಿಖರ್ಚಿನ ಗಂಟಿಗೆ ಸೇರಿ, ನಾಲ್ವರ ನಡುವೆ ಹಂಚಿಕೆಯಾಗುವ ಕೊನೆಯ ಲೆಕ್ಕ ಅದು.